ಬೆಳ್ಳಿಯಲ್ಲದ ಚುಕ್ಕಿ

ಮೊಮ್ಮಗಳು ಮನೆಗೆ ಬಂದಳು! ಐದು ತಿಂಗಳ ಕೂಸು, ಬೆಣ್ಣೆ ಮುದ್ದೆ. ಇವತ್ತು ಬೆಳಿಗ್ಗೆ ಅಮೃತೂರಿನ ತವರಿಂದ ಸೊಸೆ ಸಾಕಮ್ಮ ಅವಳನ್ನು ಎತ್ತಿಕೊಂಡು ಕಡಬದಲ್ಲಿ ಬಸ್ಸಿಳಿದಾಗ ನಾನು ಬರಿಗಾಲಲ್ಲೇ ಓಡಿದೆ. ಆರತಿ ಎತ್ತುವಾಗ ತಟ್ಟೆ ವಾಲಿ ಕೆಂಪು ನೀರೆಲ್ಲ ನನ್ನ ಸೀರೆಯ ಮೇಲೆ ಚೆಲ್ಲಿತು. ಸಂತೋಷಕ್ಕೆ ಮೈಮರೆತಳು ಎಂದರು ಎಲ್ಲರೂ. ಸಂತೋಷವೇ, ಸುಳ್ಳೇಕೆ — ಆದರೆ ಅರ್ಧ ಭಯ. ಈ ಕೂಸಿಗೊಬ್ಬ ಅಣ್ಣನೋ ಅಕ್ಕನೋ ಇರಬೇಕಿತ್ತು. ಇಲ್ಲದಂತೆ ಮಾಡಿದವಳು ನಾನು. ಆ ತಪ್ಪನ್ನು ದೆವ್ವದ ತಲೆಗೆ ಕಟ್ಟಿದವಳೂ ನಾನೇ.

ಏಳು ವರ್ಷದ ಹಿಂದಿನ ಮಾತು. ಮನೆಯಲ್ಲಿ ಗಡಿಯಾರವಿರಲಿಲ್ಲ. ಮೂಡಣದಲ್ಲಿ ಬೆಳ್ಳಿ ಚುಕ್ಕಿ ಮೂಡಿದರೆ ಬೆಳಗಾಗುತ್ತ ಬಂತು ಎಂದು ಲೆಕ್ಕ. ಅದನ್ನು ನೋಡಿ ಸೊಸೆಯನ್ನು ಎಬ್ಬಿಸುವುದು ಅತ್ತೆಯ ಕೆಲಸ. ಆ ಬೇಸಿಗೆಯಲ್ಲಿ ಕೆರೆ ಏರಿಯ ಆಚೆಗಿನ ಸಿಹಿನೀರ ಬಾವಿ ತಳ ಕಂಡಿತ್ತು. ಮೊದಲು ಹೋದವರಿಗಷ್ಟೇ ತಿಳಿನೀರು. ಸಾಕಮ್ಮನಿಗೆ ಆಗ ಆರು ತಿಂಗಳು.

ಒಂದು ರಾತ್ರಿ ಎಚ್ಚರವಾಗಿ ಹಿತ್ತಿಲ ಬಾಗಿಲು ತೆಗೆದೆ. ಮೂಡಣದ ತೆಂಗಿನ ಗರಿಗಳ ನಡುವೆ ಒಂದು ಚುಕ್ಕಿ — ದಪ್ಪಗೆ, ಬೆಳ್ಳಗೆ, ಮಿಣುಕದೆ ನಿಂತಿತ್ತು. ಬೆಳ್ಳಿಯೇ ಅಂದುಕೊಂಡೆ. ಎರಡನೆಯ ಸಲ ನೋಡಲಿಲ್ಲ.

“ಸಾಕಮ್ಮ, ಏಳವ್ವ, ಬೆಳ್ಳಿ ಮೂಡೈತೆ. ಜನ ಸೇರೋಕ್ ಮುಂಚೆ ಒಂದು ಬಿಂದಿಗೆ ತಂದ್ಬುಡು.”

ಅವಳು ನಿದ್ದೆಗಣ್ಣಲ್ಲೇ ಹೋದಳು. ನಾನು ಮತ್ತೆ ಮಲಗಿದೆ — ಮಲಗಿದೆನಲ್ಲ!

ಬಾವಿಯ ಹತ್ತಿರ ಒಬ್ಬರೂ ಇರಲಿಲ್ಲ. ಎಷ್ಟು ಹೊತ್ತು ಕಾದರೂ ಯಾರೂ ಬರಲಿಲ್ಲ, ಕೋಳಿ ಕೂಗಲಿಲ್ಲ. ಕೆರೆಯ ಕಡೆ ನರಿ ಊಳಿಟ್ಟಿತು. ಬೆದರಿ ಓಡಿದವಳು ಏರಿಯಿಂದ ಉರುಳಿಬಿದ್ದಳು. ಪಕ್ಕದ ಹಳ್ಳಿಯಲ್ಲಿ ಭಜನೆ ಮುಗಿಸಿ ಬರುತ್ತಿದ್ದವರು ಅವಳನ್ನು ಎತ್ತಿ ತಂದರು. ಅವರ ಕೈಯಲ್ಲಿನ ತಾಳ ಕಂಡಾಗಲೇ ನನಗೆ ಹೊಳೆಯಿತು — ಭಜನೆಯವರೇ ಇನ್ನೂ ಮನೆ ಸೇರಿಲ್ಲ, ಇದು ನಡುರಾತ್ರಿ!

“ಅತ್ತೆ ಕರೆದ್ರು... ಬೆಳ್ಳಿ ಮೂಡೈತೆ ಅಂದ್ರು...” ಎನ್ನುತ್ತಿದ್ದಳು ಅವಳು.

ಮಗ ಶಿವಣ್ಣ ನನ್ನ ಕಡೆ ತಿರುಗಿದ. “ನೀನೇನವ್ವ ಎಬ್ಬಿಸಿದ್ದು?”

“ನಾನಲ್ಲ ಕಣಪ್ಪ. ನಾನು ಮಲಗಿದ್ದೆ.”

ಇಷ್ಟೇ ಮಾತು. “ಅಯ್ಯೋ, ದೆವ್ವ ಅತ್ತೆ ದನೀಲೇ ಕೂಗಿ ಕರ್ಕೊಂಡೋಗೈತೆ ಕಣ್ರೋ!” ಎಂದರು ಯಾರೋ. ನಾನು ಹೌದೆಂದು ತಲೆಯಾಡಿಸಿದೆ. ಬೆಳಗಾಗುವಷ್ಟರಲ್ಲಿ ಹೊಟ್ಟೆಯ ಕೂಸು ಹೋಗಿತ್ತು. ಗಂಡೋ ಹೆಣ್ಣೋ — ಕೇಳುವ ಧೈರ್ಯ ಬರಲಿಲ್ಲ.

ಆಮೇಲೆ ಅವಳಿಗೆ ತಾಯತ, ಮಂತ್ರವಾದಿ, ಬೇವಿನ ಬರಲಿನ ಏಟು. ನಾನು ಅಷ್ಟು ಗಟ್ಟಿಯಾಗಿ ಇಲ್ಲವೆಂದದ್ದಕ್ಕೆ ಅವಳೂ ನಂಬಿದಳು. ಕತ್ತಲಾದ ಮೇಲೆ ಹಿತ್ತಿಲಿಂದ ನಾನು ಕರೆದರೆ ಮೊದಲು ನನ್ನ ಪಾದ ನೋಡುತ್ತಿದ್ದಳು — ದೆವ್ವದ ಪಾದ ಹಿಂದುಮುಂದಾಗಿರುತ್ತದಂತೆ. ನನ್ನ ಪಾದ ನೆಟ್ಟಗೇ ಇತ್ತು. ಅದೇ ನನಗೆ ಹೆಚ್ಚು ಭಯ.

ನಿದ್ದೆ ಬಾರದೆ ರಾತ್ರಿಯೆಲ್ಲ ಆ ಚುಕ್ಕಿಯನ್ನೇ ನೋಡಿದೆ. ದಿನ ಕಳೆದಂತೆ ಅದು ಇನ್ನೂ ಬೇಗ ಮೂಡುತ್ತಿತ್ತು. ಕೆಲವು ತಿಂಗಳಿಗೆ ದೀಪ ಹಚ್ಚುವ ಹೊತ್ತಿಗೇ ನೆತ್ತಿಯ ಮೇಲಿತ್ತು. ಬೆಳ್ಳಿ ನೆತ್ತಿಗೆ ಏರುವುದಿಲ್ಲ. ಸೂರ್ಯನ ಬೆನ್ನು ಬಿಡುವುದಿಲ್ಲ. ಒಂದಷ್ಟು ತಿಂಗಳು ಬೆಳಗ್ಗೆ ಇರುವುದೇ ಇಲ್ಲ, ಸಂಜೆ ಪಡುವಣದಲ್ಲಿರುತ್ತದೆ. ಆ ಬೇಸಿಗೆಯಲ್ಲೂ ಸಂಜೆಯೇ ಇತ್ತು. ದಿನವೂ ಕಂಡಿದ್ದೆ, ಯೋಚಿಸಿರಲಿಲ್ಲ. ನಾನು ನೋಡಿದ್ದು ಗುರುಗ್ರಹವಂತೆ. ಹೆಸರು ಆಮೇಲೆ ತಿಳಿಯಿತು. ತಿಳಿದೂ ಬಾಯಿ ಬಿಡಲಿಲ್ಲ. ಹೇಳಿದರೆ ಮುಂದೆ ಹುಟ್ಟುವ ಕೂಸನ್ನು ನನ್ನ ಮಡಿಲಿಗೆ ಯಾರು ಕೊಡುತ್ತಾರೆ...

ಇವತ್ತು ಸಂಜೆ, ಎಲೆ ಹಾಕುವ ಮುಂಚೆ, ತುಮಕೂರಿಂದ ಬಂದಿದ್ದ ಹಿರಿಮಗಳು ಜಯಮ್ಮ ಮಾತು ತೆಗೆದಳು. “ಇವಳ ಮೈಮೇಲಿನ ಗಾಳಿ ಮಗೀಗೆ ಸೋಕೀತು ಕಣವ್ವ. ವರ್ಷ ತುಂಬೋಗಂಟ ನಾನೇ ಇಟ್ಕೊತೀನಿ. ಮನೇಲಿ ಹಸ ಐತೆ, ಹಾಲಿಗೇನು.”

ಶಿವಣ್ಣ ತಲೆ ತಗ್ಗಿಸಿದ. ಸಾಕಮ್ಮ ಎದ್ದುಹೋಗಿ ಕೂಸಿನ ಬಟ್ಟೆ ಮಡಿಸತೊಡಗಿದಳು — ಒಂದೊಂದೇ.

“ಅವತ್ತು ಕರೆದದ್ದು ನಾನೇ,” ಎಂದೆ.

“ಮೊಮ್ಮಗಳು ಬಂದ ಖುಷೀಲಿ ಅವ್ವಂಗೆ ತಲೆ ಕೆಟ್ಟೈತೆ,” ಎಂದು ಜಯಮ್ಮ ನಕ್ಕಳು. ನಾನು ನಿಲ್ಲಿಸಲಿಲ್ಲ. ಚುಕ್ಕಿ, ನಡುರಾತ್ರಿ, ನಾನಾಡಿದ ಸುಳ್ಳು — ಎಲ್ಲ ಹೇಳಿದೆ. ಅವಳ ನಗು ಅಲ್ಲೇ ನಿಂತಿತು.

ಸಾಕಮ್ಮನ ಕೈಯೂ ನಿಂತಿತ್ತು. “ಹಂಗಾದ್ರೆ... ನನ್ ಮೈಮೇಲೆ ಏನೂ ಇಲ್ವಾ ಅತ್ತೆ?”

“ಏನೂ ಇಲ್ಲ ಕಣವ್ವ. ಯಾವತ್ತೂ ಇರಲಿಲ್ಲ.”

ಅವಳು ನನ್ನ ಮುಖ ನೋಡಿದಳು. ಕ್ಷಮಿಸು ಎಂದು ನಾನು ಕೇಳಲಿಲ್ಲ. ಯಾವ ಬಾಯಲ್ಲಿ ಕೇಳಲಿ?

ಎಲ್ಲರೂ ಒಂದೇ ಸಾಲಲ್ಲಿ ಊಟಕ್ಕೆ ಕೂತರು, ನಾನು ಬಡಿಸಿದೆ. ಮುದ್ದೆ, ಅವರೆಕಾಳು ಸಾರು, ಕೂಸು ಬಂದದ್ದಕ್ಕೆ ಪಾಯಸ. ಶಿವಣ್ಣ ನನ್ನ ಕಡೆ ತಿರುಗದೆ ಉಂಡ. “ಉಣ್ಣೋಗಂಟ ಕೊಡು ಮಗೀನ,” ಎಂದು ಜಯಮ್ಮ ಮೆಲ್ಲಗೆ ಕೈ ಚಾಚಿದಳು.

“ಇರ್ಲಿ ಬುಡಕ್ಕ,” ಎಂದಳು ಸಾಕಮ್ಮ. ಎಡಗೈಯಲ್ಲಿ ಕೂಸನ್ನು ಅವುಚಿಕೊಂಡು ಬಲಗೈಯಲ್ಲಿ ಮುದ್ದೆ ಮುರಿದಳು.

ನನಗೆ ಬಡಿಸಲು ಯಾರೂ ಏಳಲಿಲ್ಲ. ನಾನೇ ಬಡಿಸಿಕೊಂಡು, ಸಾಲಿನ ಕೊನೆಯಲ್ಲಿ ಕೂತು ಉಂಡೆ.