ಮೊಮ್ಮಗಳ ಹೆಸರಿನ ಮುಂದಿನ ಐದು ಪದವಿ

ನನ್ನ ಹೊಟ್ಟೆಯಲ್ಲಿ ಒಂದು ದೊಡ್ಡ ಸಂತೋಷ ಕುಳಿತಿದೆ. ಅದನ್ನು ಹೇಳಿಕೊಳ್ಳಲು ಜನ ಸಿಗುತ್ತಿಲ್ಲ ಎಂಬುದೇ ಈಗಿನ ಕಷ್ಟ. ದುಃಖವಾಗಿದ್ದರೆ ಚಿಂತೆಯಿರಲಿಲ್ಲ. ಮೊಣಕಾಲು ನೋವು ಅಂದರೆ ಸಾಕು, ಬೆಟಗೇರಿಯ ನಮ್ಮ ಓಣಿಯ ನಾಲ್ಕು ಮಂದಿ ಕಟ್ಟೆಗೆ ಬಂದು ಕುಳಿತು ತಮ್ಮ ಮೊಣಕಾಲನ್ನೂ ಮುಂದೆ ಚಾಚುತ್ತಾರೆ. ಆದರೆ “ನನ್ನ ಮೊಮ್ಮಗಳು ಐದನೆಯ ಪದವಿ ತಗೊಂಡಳು” ಎಂದು ಹೇಳಿದರೆ ಅದೇ ಮಂದಿಯ ಮುಖ ಸಣ್ಣಗಾಗುತ್ತದೆ. ಕೆಲವರು “ಪಾಪ” ಎನ್ನುತ್ತಾರೆ. ಪಾಪ ಅನ್ನುವಂಥದ್ದು ಇದರಲ್ಲಿ ಏನಿದೆ? ನೀವಾದರೂ ಕೇಳಿ. ಓದುವವರ ಮುಖ ಬರೆಯುವವನಿಗೆ ಕಾಣುವುದಿಲ್ಲ, ನನ್ನಂಥವನಿಗೆ ಅದೇ ಅನುಕೂಲ.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೂ ಪದವಿ ಕೊಡುವ ಕೆಲಸದಲ್ಲಿ ನನ್ನಷ್ಟು ಅನುಭವ ಯಾವ ಕುಲಪತಿಗೂ ಇರಲಿಕ್ಕಿಲ್ಲ. ಗದಗಿನ ಒಂದು ಪ್ರೆಸ್ಸಿನಲ್ಲಿ ಬಹಳ ವರ್ಷ ಮೊಳೆ ಜೋಡಿಸಿದೆ. ಗೋಡೆಗೆ ಹೊಡೆಯುವ ಮೊಳೆಯಲ್ಲ, ಸೀಸದ ಅಕ್ಷರ. ಒಂದೊಂದನ್ನೇ ಖಾನೆಯಿಂದ ಆರಿಸಿ ಉಲ್ಟಾ ಮಾಡಿ ಸಾಲಿಗೆ ಹಚ್ಚಬೇಕು. ಲಗ್ನದ ದಿನಗಳಲ್ಲಿ ಊಟಕ್ಕೂ ಏಳಲಾಗದಷ್ಟು ಪತ್ರಿಕೆಗಳು ಬರುತ್ತಿದ್ದವು. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ವರನ ಹೆಸರು ಬಂದರೆ ಅದರ ಮುಂದೆ ಕಂಸದಲ್ಲಿ ಅವನ ಓದು ಬರಬೇಕು. ಅದರ ಕೆಳಗೆ ವಧುವಿನ ಹೆಸರು, ಆಕೆಯ ಓದು. ಕಾಯಿದೆಯೇನಲ್ಲ, ಆದರೆ ಕಂಸವಿಲ್ಲದ ಹೆಸರು ಹಿರಿಯರ ಕಣ್ಣಿಗೆ ಬರಿಗೊರಳಿನ ಹಾಗೆ ಕಾಣುತ್ತದೆ. ಎರಡು ವಿಷಯದಲ್ಲಿ ನಪಾಸಾದ ಹುಡುಗನ ತಂದೆಯೊಬ್ಬ, “ಬಿ.ಕಾಂ. ಅಂತ ಹಾಕ್ರಿ, ಲಗ್ನ ಆಗೋದ್ರೊಳಗ ಪಾಸ್ ಆಗ್ತಾನ” ಎಂದ. ಹಾಕಿದೆ. ಈಗ ಆ ಹುಡುಗನ ಮಗನ ಲಗ್ನವೂ ಆಗಿದೆ. ಪಾಸಾದ ಸುದ್ದಿ ಮಾತ್ರ ಇನ್ನೂ ಬಂದಿಲ್ಲ.

ನಮ್ಮ ಫೋರಮನ್ ಮೊದಲ ವಾರವೇ ಒಂದು ರೂಢಿ ಕಲಿಸಿದ್ದರು. ವಧುವಿನ ಸಾಲು ವರನ ಸಾಲಿಗಿಂತ ಉದ್ದ ಆಗಬಾರದು. ಮೇಲೆ ಕೆಳಗೆ ಕುಳಿತಾಗ ಎರಡೂ ಸಮ ಇರಬೇಕು, ಇಲ್ಲವೇ ಕೆಳಗಿನದು ಒಂದೆರಡು ಅಕ್ಷರ ಗಿಡ್ಡ ಇರಬೇಕು. ಹುಡುಗಿಯ ಓದು ಹೆಚ್ಚಾಗಿದ್ದರೆ ಒಂದನ್ನು ತೆಗೆದುಬಿಡುವುದು. ಎಷ್ಟೋ ಸಲ ಹಿರಿಯರೇ ಬಂದು ತೆಗೆಯಲು ಹೇಳುತ್ತಿದ್ದರು. ಅವರು ಹೇಳದಿದ್ದರೆ ನಾವೇ ಕೇಳುತ್ತಿದ್ದೆವು. ನಾನು ಅದನ್ನು ಪತ್ರಿಕೆಯ ಅಂದ ಎಂದೇ ನಂಬಿದ್ದೆ. ತೆಗೆದ ಮೊಳೆಗಳನ್ನು ಮತ್ತೆ ಅವುಗಳ ಖಾನೆಗೆ ಹಾಕಿ, ಕೈ ತೊಳೆದುಕೊಂಡು ಮನೆಗೆ ಬರುತ್ತಿದ್ದೆ.

ಇಂಥವನ ಮನೆಯಲ್ಲಿ ಗಿರಿಜಾ ಹುಟ್ಟಿದಳು, ನನ್ನ ಮಗನ ಮಗಳು. ಬಿ.ಎ. ಮಾಡಿದಳು. ಬಿ.ಇಡಿ. ಮಾಡಿದಳು. ಇತಿಹಾಸದಲ್ಲಿ ಎಂ.ಎ. ಮಾಡಿದಳು. ಹಳೆಯ ಕಲ್ಲಿನ ಬರಹ ಓದಲು ಕಲಿಸುವ ಶಾಸನಶಾಸ್ತ್ರದ ಡಿಪ್ಲೊಮಾ ಮಾಡಿದಳು. ಈಗ ಪಿಎಚ್.ಡಿ. ಒಂದೊಂದು ಮುಗಿದಾಗಲೂ ನಾನು ಓಣಿಗೆಲ್ಲ ಮಿರ್ಚಿ ಭಜಿ ಹಂಚಿದ್ದೇನೆ. “ಮೊಮ್ಮಗಳು ಐದು ಓದಿದ್ಲು, ನೀವು ಐದನೇ ಇಯತ್ತೇನೂ ಮುಟ್ಟಲಿಲ್ಲ, ಮತ್ತ ಕುಣಿಯೋದು ಮಾತ್ರ ನೀವ” ಎಂದು ನನ್ನ ಹೆಂಡತಿ ಶಿವಗಂಗವ್ವ ಅಂದಳು. ಅಂದವಳೇ ಐದನೆಯ ಸಲ ಹಿಟ್ಟು ಕಲಸಿದಳು.

ಮಂದಿಯನ್ನು ನೋಡಿ. ಮೊದಲನೆಯ ಪದವಿಗೆ “ಭಾರಿ ಶಾಣ್ಯಾ ಹುಡುಗಿ” ಎಂದು ತಲೆ ಸವರಿದರು. ಎರಡನೆಯದಕ್ಕೆ “ಛಲೋ ಆತು, ಇನ್ನ ನೌಕರಿ” ಎಂದರು. ಮೂರನೆಯದಕ್ಕೆ “ಮತ್ತ ಓದಾಕತ್ತಾಳೇನು?” ಎಂದು ಕೇಳಿದರು. ನಾಲ್ಕನೆಯದಕ್ಕೆ ಭಜಿ ತಿನ್ನುತ್ತ ಒಬ್ಬರನ್ನೊಬ್ಬರು ನೋಡಿಕೊಂಡರು. ಐದನೆಯದಕ್ಕೆ ನನ್ನ ಗೆಳೆಯ ಬಾಬುಸಾಬ ಭಜಿಯನ್ನು ಕೈಯಲ್ಲೇ ಹಿಡಿದು, “ಲೇ, ನೌಕರಿ ಸಿಗಲಾರದ್ದಕ್ಕ ಓದಾಕತ್ತಾಳೋ, ಓದಿದ್ದಕ್ಕ ನೌಕರಿ ಸಿಗವಲ್ದೋ?” ಎಂದ. ಕೆಟ್ಟವನಲ್ಲ ಬಾಬುಸಾಬ. ಮಗನ ಅರ್ಜಿ, ಹೆಂಡತಿಯ ಪಿಂಚಣಿ ಕಾಗದ, ಎಲ್ಲವನ್ನೂ ಗಿರಿಜಾಳ ಕೈಯಲ್ಲೇ ಬರೆಸಿಕೊಂಡು ಹೋಗುತ್ತಾನೆ. ಆದರೆ ಅವನಿಗೇ ಎಂಟೆಕರೆ ಹೊಲ ಇದೆ. ಒಂಬತ್ತನೆಯ ಎಕರೆ ಕೊಂಡರೆ ಯಾಕೆಂದು ಯಾರೂ ಕೇಳುವುದಿಲ್ಲ, ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಓದು ಒಂದೇ ಹೆಚ್ಚಾದರೆ ರೋಗದಂತೆ ಕಾಣುವುದು.

ಇದನ್ನು ಗಿರಿಜಾಳಿಗೆ ಹೇಳಿದರೆ ನಕ್ಕಳು. ಪಿಎಚ್.ಡಿ.ಗೆಂದು ಐದು ವರ್ಷ ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಅಲ್ಲಿಯ ಕಲ್ಲುಗಳ ಮೇಲಿನ ಬರಹ ನಕಲು ಮಾಡಿಕೊಂಡವಳು ಅವಳು. “ಅಜ್ಜಾ, ಶಾಸನದೊಳಗ ರಾಜನ ಹೆಸರು ಬರೋತನಕ ಸಾಲುಗಟ್ಟಲೆ ಬರೇ ಬಿರುದು ಇರ್ತಾವ. ಇಷ್ಟು ಯಾಕ ಅಂತ ಕಲ್ಲು ಕಡಿಯಾಂವ ಕೇಳಿದ್ದಿಲ್ಲ ನೋಡು” ಎಂದಳು. ಆ ಕಲ್ಲುಕುಟಿಗನ ಮೇಲೆ ನನಗೆ ಅಭಿಮಾನ ಬಂತು. ಒಂದೊಂದು ಅಕ್ಷರಕ್ಕೂ ಉಳಿ ಹಿಡಿದು ಕೂತವನು; ಬೇಸರ ಮಾಡಿಕೊಂಡು ನಾಲ್ಕು ಬಿರುದು ಬಿಟ್ಟಿದ್ದರೆ ಯಾರಿಗೆ ತಿಳಿಯುತ್ತಿತ್ತು? ಬಿಡಲಿಲ್ಲ ಆತ. ಬಿಟ್ಟವನು ನಾನು. ಅದನ್ನೇ ಹೇಳಬೇಕಾಗಿದೆ.

ಹಿರೇವಡ್ಡಟ್ಟಿಯ ಹುಡುಗನೊಂದಿಗೆ ಗಿರಿಜಾಳ ಲಗ್ನ ಗೊತ್ತಾಯಿತು. ಮುಂಡರಗಿಯಲ್ಲಿ ಹೈಸ್ಕೂಲ್ ಮಾಸ್ತರ, ಬಿ.ಎ., ಬಿ.ಇಡಿ. ಮೆತ್ತಗಿನ ಮಾತಿನವನು. ಗಿರಿಜಾಳಿಗೆ ಹಿಡಿಸಿದ್ದ, ನನಗೂ ಹಿಡಿಸಿದ. ಪತ್ರಿಕೆಯ ಕೆಲಸವನ್ನು ನನ್ನ ಮಗ, “ಅದೆಲ್ಲ ಅಪ್ಪಗ ಬಿಟ್ಟದ್ದು” ಎಂದು ನನಗೇ ಒಪ್ಪಿಸಿದ. ನಾನು ಹಿಗ್ಗಿನಿಂದ ಹಾಳೆಯ ಮೇಲೆ ದುಂಡಗೆ ಬರೆದೆ. ಮೊಮ್ಮಗಳ ಹೆಸರಿನ ಮುಂದೆ ಕಂಸ ತೆರೆದು ಐದನ್ನೂ ಬರೆದು ಕಂಸ ಮುಚ್ಚಿದೆ.

ಮರುದಿನ ಹುಡುಗನ ದೊಡ್ಡಪ್ಪ ಬಂದರು. ಹಾಳೆ ಓದಿ, ಚಹಾದ ಕಪ್ಪು ಕೆಳಗಿಟ್ಟರು.

“ಯಜಮಾನ್ರ, ತಪ್ಪು ತಿಳೀಬ್ಯಾಡ್ರಿ. ಹುಡುಗಿ ಕಲ್ತಿದ್ದು ನಮಗೂ ಹೆಮ್ಮೀನ ಐತಿ. ಆದ್ರ ಹುಡುಗಂದು ಇಷ್ಟ, ಹುಡುಗೀದು ಇಷ್ಟುದ್ದ. ನಮ್ಮೂರ ಮಂದಿ ಪತ್ರಿಕಿ ಓದಂಗಿಲ್ಲ, ಅಳೀತಾರ.”

ಆ ಮಾತಿಗೆ ನಾನು ಏನಾದರೂ ಹೇಳಬಹುದಾಗಿತ್ತು. ಅವರು ಒತ್ತಾಯ ಮಾಡುವ ಮನುಷ್ಯರೂ ಅಲ್ಲ. ಆದರೆ ನನ್ನ ಕೈ ನನ್ನನ್ನು ಕೇಳಲಿಲ್ಲ. ಕಿವಿಯ ಹಿಂದಿನ ಪೆನ್ಸಿಲು ತೆಗೆದು ಎಂ.ಎ. ಹೊಡೆದೆ, ಡಿಪ್ಲೊಮಾ ಹೊಡೆದೆ, ಪಿಎಚ್.ಡಿ. ಹೊಡೆದೆ. ಬಿ.ಎ., ಬಿ.ಇಡಿ. ಉಳಿಯಿತು. “ಈಗ ಸಾಲು ಸಮ ಆತು ನೋಡ್ರಿ” ಎಂದೆ. ಅಷ್ಟು ವರ್ಷಗಳ ಕೆಲಸದ ಠೀವಿಯಿಂದಲೇ ಅಂದೆ. ತಲೆ ಎತ್ತಿದರೆ ಬಾಗಿಲಲ್ಲಿ ಗಿರಿಜಾ ಎರಡನೆಯ ಸುತ್ತಿನ ಚಹಾ ಹಿಡಿದು ನಿಂತಿದ್ದಳು.

ಅವರು ಹೋದ ಮೇಲೆ ಬಂದು ಹಾಳೆ ನೋಡಿದಳು.

“ಅಜ್ಜಾ, ಬಿ.ಎ. ಯಾಕ ಉಳಿಸಿದಿ?”

“ಹುಡುಗಂದೂ ಅದ ಐತೆಲ್ಲವಾ. ಸಮ ಆಗ್ಲಿ ಅಂತ.”

“ಹೂಂ” ಎಂದಳು. ಹಾಳೆ ಎತ್ತಿಕೊಂಡು, “ಪಿಎಚ್.ಡಿ.ಗೆ ಐದು ವರ್ಷ ಹಿಡೀತು” ಎಂದಳು. ಜಗಳದ ಮಾತಲ್ಲ ಅದು. ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದಳು. ಹಾಳೆಯನ್ನು ಮಡಚಿ ನನ್ನ ಕೈಗೇ ಕೊಟ್ಟು ಕಪ್ಪು ತೊಳೆಯಲು ಹೋದಳು.

ಊರೆಲ್ಲ ನಕ್ಕಾಗ ಭಜಿ ಹಂಚಿದವನು ನಾನೊಬ್ಬನೇ. ಅವಳಿಗೆ ಉಳಿದಿದ್ದ ಕಡೆಯ ಮನುಷ್ಯನೂ ಅಳತೆಗೋಲು ಹಿಡಿದು ಆ ಕಡೆಗೆ ಹೋಗಿ ಕುಳಿತುಬಿಟ್ಟಿದ್ದ. ಮತ್ತೆ ಐದನ್ನೂ ಬರೆಯೋಣವೇ ಎಂದು ಸಂಜೆ ಕೇಳಿದೆ. “ಆತು ಬಿಡು ಅಜ್ಜಾ, ಅವರು ಒಪ್ಕೊಂಡು ಹೋಗ್ಯಾರ. ಮತ್ತ ಯಾಕ” ಎಂದಳು. ಪತ್ರಿಕೆ ಹಾಗೆಯೇ ಅಚ್ಚಾಯಿತು. ಸಾಲುಗಳು ಎಷ್ಟು ಸಮ ಬಂದಿದ್ದವೆಂದರೆ, ನಮ್ಮ ಫೋರಮನ್ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ನಾನು ಆ ಪತ್ರಿಕೆಯನ್ನು ಒಂದು ಸಲ ನೋಡಿ ಮುಂದೆ ನೋಡಲಿಲ್ಲ.

ಮೊದಲ ಪತ್ರಿಕೆ ಲಕ್ಷ್ಮೇಶ್ವರದ ಅಕ್ಕೋರಿಗೆ ಕೊಡಬೇಕೆಂದು ಗಿರಿಜಾಳ ಆಸೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಆ ಐದು ವರ್ಷ ಇವಳು ಬಿಸಿಲಲ್ಲಿ ಕಲ್ಲು ಓದುವುದನ್ನು ನೋಡಿ, ಮಧ್ಯಾಹ್ನ ಮನೆಗೆ ಕರೆದು ರೊಟ್ಟಿ ಹಾಕಿದವರು. ನಾನೂ ಜೊತೆಗೆ ಹೋದೆ. ಅಕ್ಕೋರು ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು ಚಾಳೀಸು ಹಾಕಿಕೊಂಡರು.

“ಗಿರಿಜಾ, ನಿನ್ನ ಪಿಎಚ್.ಡಿ. ಎಲ್ಲಿ ಹೋತು? ಎಂ.ಎ.ನೂ ಇಲ್ಲಲ್ಲ.”

ಉತ್ತರಕ್ಕೆ ಕಾಯದೆ ಅಕ್ಕೋರೇ ಮುಂದುವರಿಸಿದರು. “ಪ್ರೆಸ್ಸಿನವರು ಮರ್ತಾರ. ಅವರದು ಯಾವಾಗ್ಲೂ ಹಂಗ. ನನ್ನ ಪತ್ರಿಕಿಯೊಳಗ ನನ್ನ ಬಿ.ಎಸ್ಸಿ. ಬಿಟ್ಟಿದ್ರು. ನಮ್ಮ ಓಣಿಯಾಗ ಮೊದಲನೇ ಬಿ.ಎಸ್ಸಿ. ನಾನು. ಎಂಟು ದಿವಸ ಅತ್ತೆ. ಅಪ್ಪನೂ ಬ್ಯಾಸರ ಮಾಡ್ಕೊಂಡ್ರು, ಪ್ರೆಸ್ಸಿನವರು ಮರ್ತಾರವಾ, ಈಗೇನ್ ಮಾಡೋದು ಅಂತ.”

ನಮ್ಮ ಕೆಲಸದಲ್ಲಿ ಈ ಮಾತು ಗೊತ್ತಿಲ್ಲದವರಿಲ್ಲ. ಹಗಲು ಬಂದು “ಅದೊಂದು ತಗೀರಿ” ಎಂದು ಹೇಳಿಹೋದ ತಂದೆಯೇ ಮನೆಗೆ ಹೋಗಿ ಮಗಳಿಗೆ “ಪ್ರೆಸ್ಸಿನವರು ಮರೆತರು” ಎನ್ನುತ್ತಿದ್ದ. ನಾವು ಆ ಮರೆವನ್ನು ಸುಮ್ಮನೆ ಹೊತ್ತುಕೊಳ್ಳುತ್ತಿದ್ದೆವು.

“ಹೂನ್ರಿ ಅಕ್ಕೋರ” ಎಂದಳು ಗಿರಿಜಾ. “ಪ್ರೆಸ್ಸಿನವರು...”

ನನ್ನನ್ನು ಉಳಿಸಲು ಅವಳು ಸುಳ್ಳು ಹೇಳಹೊರಟಿದ್ದಳು. ಕಲ್ಲಿನ ಮೇಲಿನ ಒಂದು ಅಕ್ಷರ ಅನುಮಾನವಾದರೆ ಮೂರು ದಿನ ತಿರುಗಿ ತಿರುಗಿ ಹೋಗಿ ನೋಡುತ್ತಿದ್ದ ಹುಡುಗಿ. ಅದನ್ನು ನನಗೆ ಕೇಳಲಾಗಲಿಲ್ಲ.

“ಇಲ್ರಿ ಅಕ್ಕೋರ” ಎಂದೆ. “ಯಾರೂ ಮರ್ತಿಲ್ಲ. ನಾನ ತಗದೇನಿ, ಪೆನ್ಸಿಲ್ ಹಿಡದು. ಹುಡುಗಂದಕಿಂತ ಉದ್ದ ಆಗಬಾರದು ಅಂತ. ನಾ ಪ್ರೆಸ್ಸಿನ್ಯಾಗ ಇದ್ದಾಂವರಿ. ಅಲ್ಲಿ ಹಂಗ ಮಾಡ್ತಿದ್ವಿ. ಮನ್ಯಾಗಿನವರು ಹೇಳಿದ್ರ ಮಾಡ್ತಿದ್ವಿ.”

ಕಡೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಲ್ಲಿ ಹೋಗಿ ಮುಟ್ಟಿತೆಂದು ತಿಳಿಯಿತು. ಅಕ್ಕೋರು ಚಾಳೀಸು ತೆಗೆದರು. ಪತ್ರಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅರಿಶಿನ ಹಚ್ಚಿದ ಮೂಲೆಯನ್ನು ಬೆರಳಿನಿಂದ ಸವರುತ್ತ ಕುಳಿತರು.

“ನಂದೂ ಗದಗಿನ್ಯಾಗ ಹಾಕ್ಸಿದ್ದು” ಎಂದರು. “ಯಾವ ಪ್ರೆಸ್ಸೋ, ಅಪ್ಪಗ ಗೊತ್ತು.”

ನಾನು ಕೇಳಲಿಲ್ಲ, ಅವರೂ ಕೇಳಲಿಲ್ಲ. ಆಗಿನ ಗದಗಿನಲ್ಲಿ ಪ್ರೆಸ್ಸುಗಳು ಬಹಳ. ನನ್ನ ಕೈಯೇ ಆಗಿರಬಹುದು, ಬೇರೆ ಯಾರದೋ ಇರಬಹುದು. ಪತ್ರಿಕೆ ಮಡಚುತ್ತ ಅವರು, “ಇಷ್ಟು ವರ್ಷ ಪ್ರೆಸ್ಸಿನವರನ್ನ ಬೈಕೋಂತ ಬಂದೀನ್ರಿ. ಅಪ್ಪ ಹೋಗಿ ಭಾಳ ದಿವಸ ಆತು. ಇನ್ನ ಅವರನ್ನ ಹ್ಯಾಂಗ ಬೈಲಿ?” ಎಂದರು.

“ನಮ್ಮನ್ನ ಬೈಯ್ರಿ ಅಕ್ಕೋರ” ಎಂದೆ. “ನಮಗ ರೂಢಿ ಐತಿ.”

ಅವರು ನಕ್ಕರು. ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು. ಎದ್ದು ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತರು. ಗಿರಿಜಾ ಹಿಂದೆ ಹೋದಳು. ಇಬ್ಬರೂ ಒಳಗೆ ಏನು ಮಾತಾಡಿದರೋ, ರೊಟ್ಟಿ ಬಡಿಯುವ ಸದ್ದಿನಲ್ಲಿ ನನಗೆ ಕೇಳಲಿಲ್ಲ.

ಬಸ್ಸಿನಲ್ಲಿ ಗಿರಿಜಾ ಕಿಟಕಿಗೆ ಕುಳಿತಳು. “ನೀ ಸುಮ್ಮನಿದ್ರೂ ನಡೀತಿತ್ತು ಅಜ್ಜಾ” ಎಂದಳು. “ನಡೀತಿತ್ತು” ಎಂದೆ. ಸ್ವಲ್ಪ ದೂರ ಹೋದ ಮೇಲೆ ಪಕ್ಕದಲ್ಲಿದ್ದ ಶಿರಹಟ್ಟಿ ಕಡೆಯ ಹಿರಿಯರೊಬ್ಬರು ಪತ್ರಿಕೆಗಳಿದ್ದ ನನ್ನ ಚೀಲದೊಳಗೆ ಇಣುಕಿ ನೋಡಿದರು.

“ಯಾರ ಲಗ್ನರಿ?”

“ಮೊಮ್ಮಗಳದು. ಈಕೀನ.”

“ಏನು ಓದ್ಯಾಳ?”

ಇಂಥ ಪ್ರಶ್ನೆ ಬಂದಾಗ ಗಿರಿಜಾ, ಸುಮ್ಮನಿರು ಎಂಬಂತೆ, ನನ್ನ ಪಕ್ಕೆಗೆ ಮೊಳಕೈಯಿಂದ ಒಂದು ತಿವಿಯುವುದು ವಾಡಿಕೆ. ಕಾದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಗದಗು ಇನ್ನೂ ಒಂದು ತಾಸಿನ ದಾರಿ ಇತ್ತು. ಮೊದಲನೆಯ ಪದವಿಯಿಂದ ಶುರು ಮಾಡಿದೆ.