ಎಡೆಗೆ ಮೊದಲಿನ ಸ್ನಾನ

ಬೇರೆಯವರ ಹೃದಯ ಕಸಿ ಮಾಡಿಸಿಕೊಂಡವರ ಮನೆಗೆ ಹೋಗಿ, ಹೇಗಿದ್ದಾರೆಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಕೋಣಂದೂರಿನ ಹತ್ತಿರ ಮಂಜಪ್ಪನವರ ಮನೆಗೆ ಹೋದಾಗ ಅವರು ಹೆಗಲಿಗೆ ಪಂಚೆ ಹಾಕಿಕೊಂಡು ಹಳ್ಳಕ್ಕೆ ಹೊರಟಿದ್ದರು. ಅವರ ಆಪರೇಷನ್ ಆದ ದಿನವೇ ಹೃದಯ ಕೊಟ್ಟವನು ಸತ್ತ ದಿನ. ಪ್ರತಿವರ್ಷ ಅವತ್ತು ತಣ್ಣೀರಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಅವನಿಗೆ ಎಡೆ ಇಡುತ್ತಾರಂತೆ.

"ಹೋದ ವರ್ಷ ಮಿಂದು ಬಂದೋರು ವಾರಗಟ್ಟಲೆ ಉಸಿರಿಗೆ ಒದ್ದಾಡಿದ್ರು. ನೀವಾದ್ರೂ ಹೇಳಿ ಸರ್," ಎಂದರು ಅವರ ಹೆಂಡತಿ.

ಹೇಳಿದೆ. ಮೈ ತಣ್ಣಗಾದರೆ ರಕ್ತನಾಳಗಳು ಬಿಗಿಯುತ್ತವೆ, ರಕ್ತ ತಳ್ಳಲು ಹೃದಯ ಹೆಣಗುತ್ತದೆ, ನಿಮ್ಮದು ಈಗಾಗಲೇ ಸೋತಿದೆ, ಇನ್ನೊಂದು ಸಿಗುವುದಿಲ್ಲ. ಬಿಸಿನೀರಲ್ಲಿ ಮೀಯಿರಿ.

"ನಮ್ಮಪ್ಪನಿಗೇ ಬಿಸಿನೀರಲ್ಲಿ ಮಿಂದು ಎಡೆ ಇಟ್ಟಿಲ್ಲ ಮಾರಾಯ್ರೆ, ಇವನಿಗೆ ಇಡ್ತೀನಾ? ಕರೆಯೋಕೆ ಅವನ ಹೆಸರಾದ್ರೂ ಹೇಳಿ."

ಹೆಸರು ಹೇಳುವಂತಿಲ್ಲ, ನಿಯಮ. ಅವರ ನಾಡಿ ಎಣಿಸಿ ಬರೆದುಕೊಂಡೆ.

ಮಂಜಪ್ಪ ಹಳ್ಳದಲ್ಲಿ ಮೂರು ಸಲ ಮುಳುಗಿ, ನಡುಗುತ್ತ ಬಂದು ಕೈ ಚಾಚಿದರು. "ನೋಡಿ, ಹೆದರಿದ್ಯಾ ಅದು?"

ನಾಡಿ ಸ್ನಾನಕ್ಕೆ ಮೊದಲು ಇದ್ದಷ್ಟೇ ಇತ್ತು. ಕಸಿ ಮಾಡುವಾಗ ನರಗಳನ್ನು ಕತ್ತರಿಸಿರುತ್ತಾರೆ. ಮೈಗೆ ಚಳಿಯಾದ ಸುದ್ದಿ ಆ ಹೃದಯಕ್ಕೆ ಬೇಗ ಮುಟ್ಟುವುದಿಲ್ಲ. ತುಟಿ ನೀಲಿಯಾಗಿತ್ತು.

ಹೆಂಡತಿ ಅಳುತ್ತಲೇ ಎಲೆ ಹಾಸಿದರು. "ಅಳಬೇಡ ಮಾರಾಯ್ತಿ," ಎಂದರು ಮಂಜಪ್ಪ, ಏದುಸಿರಿನ ನಡುವೆ. "ಮುಂದಿನ ವರ್ಷ ಅವನಿಗೂ ನನಗೂ ಒಂದೇ ಎಲೆ ಸಾಕು."

ಅಪಾಯ ಏನೆಂದು ರೋಗಿಗೆ ಅರ್ಥವಾಗಿದೆಯೇ ಎಂದು ನನ್ನ ಫಾರಂ ಕೇಳುತ್ತದೆ. ಹೌದು ಎಂದು ಬರೆದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.