ಸಾವಿನ ಮನೆಯಿಂದ ಹೇಳದೆ ಬಂದವನು

ಕಳೆದ ವಾರ ಪಕ್ಕದ ಮನೆಯ ಟಾಮ್ ತೀರಿಕೊಂಡರು. ಮಣ್ಣು ಮಾಡಿದ ಮೇಲೆ ನಾನು ಯಾರಿಗೂ ಒಂದು ಮಾತು ಹೇಳದೆ ಸೀದಾ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ನಮ್ಮ ಪ್ರಕಾರ ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಟವೆಲ್ ಇನ್ನೂ ಹೆಗಲ ಮೇಲಿತ್ತು, ಬಾಗಿಲು ಬಡಿದ ಸದ್ದಾಯಿತು. ಟಾಮ್ ಅವರ ಮಗ ಡೆಕ್ಲನ್.

"ನಮ್ಮಿಂದ ಏನಾದ್ರೂ ತಪ್ಪಾಯ್ತಾ ಅಂತ ಅಮ್ಮ ಕೇಳ್ತಿದಾಳೆ" ಎಂದ.

ನಾನಿರುವ ಮೇನೂತ್ ಡಬ್ಲಿನ್ನಿಗೆ ಹತ್ತಿರದ ಪುಟ್ಟ ಊರು. ಒಂದು ಯೂನಿವರ್ಸಿಟಿ, ಒಂದು ಮುಖ್ಯ ಬೀದಿ, ಉಳಿದದ್ದೆಲ್ಲ ಪಬ್ (ಸ್ವಲ್ಪ ಉತ್ಪ್ರೇಕ್ಷೆ, ಸ್ವಲ್ಪವೇ). ಪಬ್ ಎಂದರೆ ನಮ್ಮೂರಿನ ಬಾರ್ ಅಲ್ಲ, ಮುಖ ಮರೆಸಿಕೊಂಡು ಹೋಗಬೇಕಿಲ್ಲ. ಸ್ಟೂಡೆಂಟು, ಪ್ರೊಫೆಸರು, ಪಾದ್ರಿ ಎಲ್ಲ ಅಕ್ಕಪಕ್ಕ ಕೂರುತ್ತಾರೆ. ನಾಮಕರಣದ ಊಟವೂ ಅಲ್ಲೇ, ಸಾವಿನ ಊಟವೂ ಅಲ್ಲೇ. ಶುಕ್ರವಾರದ ಸಂಜೆ ಟಾಮ್ ನನ್ನನ್ನು ಕರೆದೊಯ್ಯುತ್ತಿದ್ದರು. ಅವರು ತಮ್ಮ ಕರಿ ಬಿಯರಿನ ಪೈಂಟ್ (ಅರ್ಧ ಲೀಟರಿಗಿಂತ ಜಾಸ್ತಿ ಹಿಡಿಯುವ ಗ್ಲಾಸು) ಮುಗಿಸುವಾಗ ನನ್ನದು ಅರ್ಧ ಉಳಿದಿರುತ್ತಿತ್ತು. "ಯು ಆರ್ ಗ್ರ್ಯಾಂಡ್", ಅಂದರೆ ಪರವಾಗಿಲ್ಲ, ನಿಧಾನಕ್ಕೆ ಆಗಲಿ, ಎಂದು ಕಾಯುತ್ತಿದ್ದರು. ನನಗೆ ಆ ಮನುಷ್ಯ ಬಹಳ ಇಷ್ಟ.

ಅಂದು ಬೆಳಿಗ್ಗೆ ಹೊರಡುವಾಗ ನನ್ನ ಹೆಂಡತಿ ವಾಣಿ (ಮಗಳಿಗೆ ಜ್ವರ, ಹಾಗಾಗಿ ಅವಳು ಬರಲಿಲ್ಲ) ಎಚ್ಚರಿಸಿದ್ದಳು. "ಅಲ್ಲೇನೂ ತಿನ್ಬೇಡಿ. ಹೋಗಿ ಬರ್ತೀನಿ ಅಂತ ಮಾತ್ರ ಅನ್ಬೇಡಿ. ಸೀದಾ ಬನ್ನಿ, ಗೀಸರ್ ಹಾಕಿರ್ತೀನಿ."

ಅಷ್ಟನ್ನೇ ನಾನು ಮಾಡಿದ್ದು.

"ಎಲ್ರೂ ಪಬ್ಬಲ್ಲಿದೀವಿ. ನಿಮ್ಮ ಪೈಂಟ್ ಟೇಬಲ್ ಮೇಲಿದೆ. ಅಮ್ಮ ಯಾರಿಗೂ ಮುಟ್ಟೋಕೆ ಬಿಡ್ತಿಲ್ಲ" ಎಂದ ಡೆಕ್ಲನ್.

ನಾನು ವಾಣಿಯ ಮುಖ ನೋಡಿದೆ. ಸ್ನಾನವಾಗಿದೆ. ಈಗ ಮತ್ತೆ ಹೋಗುವುದೆಂದರೇನು? ಅವಳು ನನ್ನ ಹೆಗಲ ಮೇಲಿನ ಟವೆಲ್ ತೆಗೆದುಕೊಂಡಳು.

"ಹೋಗಿ. ನೀರು ಇನ್ನೂ ಬಿಸಿ ಇದೆ."

ಒದ್ದೆ ತಲೆಯಲ್ಲೇ ಹೋದೆ. ಸೂಪು, ಸ್ಯಾಂಡ್‌ವಿಚ್ಚು, ನಗು. ಹೌದು, ನಗು. ಟಾಮ್ ಮಾಡಿದ ಕಿತಾಪತಿಗಳನ್ನು ಒಬ್ಬೊಬ್ಬರೇ ಹೇಳುತ್ತಿದ್ದರು. ಅವರ ಹೆಂಡತಿ ಬ್ರೀಡಾ ಮೂಲೆಯಲ್ಲಿ ಕೂತಿದ್ದರು, ಮುಂದೆ ನೊರೆ ಇಳಿದ ನನ್ನ ಪೈಂಟ್.

"ಒಂದು ಬೈ ಕೂಡ ಹೇಳಲಿಲ್ಲ ನೀನು" ಎಂದರು.

"ನಮ್ಮಲ್ಲಿ ಸಾವಿನ ಮನೇಲಿ ಬರ್ತೀನಿ ಅನ್ನಲ್ಲ. ಅಂದ್ರೆ ಇನ್ನೊಂದು ಸಾವಿಗೆ ಬರ್ತೀನಿ ಅಂದ ಹಾಗೆ. ಸುಮ್ನೆ ಎದ್ದು ಹೋಗೋದೇ ಮರ್ಯಾದೆ" ಎಂದೆ.

ಬ್ರೀಡಾ ತಲೆಯಾಡಿಸಿದರು. "ಬೆಳಿಗ್ಗೆಯಿಂದ ನನಗಿರೋದು ಒಂದೇ ಹೆದರಿಕೆ. ಎಲ್ರೂ ಎದ್ದು ಹೋಗೋ ಹೊತ್ತು ಬರತ್ತಲ್ಲ, ಅದು. ನೀನು ಎಲ್ಲರಿಗಿಂತ ಮೊದಲೇ ಹೋಗ್ಬಿಟ್ಟೆ."

ಪೈಂಟ್ ಎತ್ತಿಕೊಂಡೆ. ಎಂದಿನಂತೆ ನಿಧಾನಕ್ಕೆ ಕುಡಿದೆ, ಈ ಸಲ ಬೇಕೆಂದೇ. ಕತ್ತಲಾಗುತ್ತ ಜನ ಕರಗಿದರು. ಡೆಕ್ಲನ್‌ಗೆ ಮರುದಿನ ಬೆಳಿಗ್ಗೆಯೇ ವಾಟರ್‌ಫರ್ಡ್‌ಗೆ ವಾಪಸ್ಸು ಹೋಗಬೇಕಿತ್ತು, ಕೆಲಸ. ಕೊನೆಗೆ ನಾನೂ ಎದ್ದೆ. ಬ್ರೀಡಾ ನನ್ನನ್ನೇ ನೋಡಿದರು.

"ನಾಳೆ ಬರ್ತೀನಿ, ಬ್ರೀಡಾ" ಎಂದೆ.

ಶಾಸ್ತ್ರ ಕೆಟ್ಟಿತು, ಒಪ್ಪುತ್ತೇನೆ. ಆದರೆ ಬೆಳಗಾದರೆ ಖಾಲಿಯಾಗುವ ಮನೆಗೆ ಹೋಗುವವರಿಗೆ ಬರುತ್ತೇನೆ ಎನ್ನದೆ ಇನ್ನೇನು ಹೇಳಬೇಕಿತ್ತು?